ಫ್ರಿಜ್ಜಿನ ಬಾಗಿಲ ಮೇಲಿನ ಹಾಡು

ತಾನೇ ಬರೆದು ತಾನೇ ಹಾಡುವ ಆ ಗಾಯಕನಿಗೆ ಹೆಸರು ಬಂದದ್ದು ನಲವತ್ತಾರನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಎರಡು ಆಲ್ಬಂ ತಂದಿದ್ದ. ಎರಡನ್ನೂ ಪೂರ್ತಿ ಕೇಳಿದವನು ಪಕ್ಕದ ಮನೆಯವನೊಬ್ಬನೇ, ಅದೂ ನಡುವಿನ ಗೋಡೆ ತೆಳುವಾಗಿದ್ದರಿಂದ.

ಮೂರನೆಯದಕ್ಕೆ ಒಂಬತ್ತು ಹಾಡು. ಎಂಟಕ್ಕೆ ಎರಡು ವರ್ಷ ತಿಣುಕಾಡಿದ. ಸಾಲು ಸಾಲಿಗೂ ಬ್ರಹ್ಮಾಂಡ, ಶೂನ್ಯ, ಚಿರಂತನ; ನಿಘಂಟಿನ ರಟ್ಟೇ ಕಿತ್ತುಬಂತು. ಒಂಬತ್ತನೆಯದಕ್ಕೆ ರಾಗ ಸಿಕ್ಕಿತ್ತು, ಮಾತು ಸಿಕ್ಕಿರಲಿಲ್ಲ. ಇಂಥ ಹೊತ್ತಿನಲ್ಲಿ ಹಾಡು ಕಟ್ಟುವವರು ಬಾಯಿಗೆ ಬಂದದ್ದನ್ನು ತುಂಬಿ ಹಾಡಿಟ್ಟುಕೊಳ್ಳುತ್ತಾರೆ, ಡಮ್ಮಿ ಸಾಹಿತ್ಯ ಅಂತ. ಮಹಾಶಯನ ಬಾಯಿಗೆ ಅದೂ ಬರಲಿಲ್ಲ. ಫ್ರಿಜ್ಜಿನ ಮೇಲೆ ಹೆಂಡತಿ ಅಂಟಿಸಿದ್ದ ಚೀಟಿಗಳನ್ನೇ ನೋಡಿಕೊಂಡು ಹಾಡಿದ. ಅವಳು ಆಸ್ಪತ್ರೆಯಲ್ಲಿ ನರ್ಸು. ಇವನು ಏಳುವ ಮೊದಲೇ ಹೊರಟುಬಿಡುತ್ತಿದ್ದಳು. ಸಂಸಾರ ಬಹುಪಾಲು ಚೀಟಿಯಲ್ಲೇ ನಡೆಯುತ್ತಿತ್ತು.

"ಕಿಟಕಿ ಹಾಕಿ, ಮಳೆ ಬರಬಹುದು. ನಾನು ಬರೋದು ತಡ, ಕಾಯಬೇಡಿ. ನಿಮ್ಮ ಪಾಲಿಂದು ಮುಚ್ಚಿಟ್ಟಿದ್ದೀನಿ."

ಸ್ಟುಡಿಯೋದಲ್ಲಿ ನಿಜವಾದ ಸಾಹಿತ್ಯ ಬರೆದರಾಯಿತು ಎಂದುಕೊಂಡವನು ಅಲ್ಲಿಯೂ ಪೆನ್ನು ಕಚ್ಚುತ್ತ ಕೂತ. ರೆಕಾರ್ಡಿಂಗ್ ಮಾಡುವವನು ಗಡಿಯಾರ ನೋಡಿ, "ಇದೇ ಇರಲಿ ಬಿಡಿ ಸಾರ್. ಒಂಬತ್ತನೇ ಹಾಡನ್ನ ಯಾರ್ ಕೇಳ್ತಾರೆ?" ಎಂದ. ಗಾಯಕನಿಗೂ ಸರಿ ಎನ್ನಿಸಿತು.

ಜನ ಕೇಳಿದ್ದೇ ಅದನ್ನ. ಕ್ಷೌರದಂಗಡಿಯಲ್ಲಿ ಅದು, ಬಸ್ಸಿನಲ್ಲಿ ಅದು. ಆಲ್ಬಂ ಬಿಸಿ ದೋಸೆಯ ಹಾಗೆ ಖರ್ಚಾಯಿತು. ಬ್ರಹ್ಮಾಂಡವನ್ನು ಕೇಳುವವರೇ ಇರಲಿಲ್ಲ. ಟೀವಿಯವರು ಕರೆದು, ಇಂಥ ಸಾಲು ಹೇಗೆ ಹೊಳೆಯಿತು ಎಂದು ಕೇಳಿದರು. ಫ್ರಿಜ್ಜು ಎಂದಿದ್ದರೆ ಮುಗಿದುಹೋಗುತ್ತಿತ್ತು. ಇವನು ಕಣ್ಣು ಅರ್ಧ ಮುಚ್ಚಿ, "ಬಹಳ ವರ್ಷದ ಮೌನದಿಂದ ಬಂತು" ಎಂದುಬಿಟ್ಟ.

ಹೆಂಡತಿ ಅದನ್ನು ವಾರ್ಡಿನ ಟೀವಿಯಲ್ಲಿ, ರೋಗಿಯೊಬ್ಬನಿಗೆ ಬ್ಯಾಂಡೇಜು ಸುತ್ತುತ್ತ ನೋಡಿದಳು. ಮನೆಗೆ ಬಂದು ಜಗಳವಾಡಲಿಲ್ಲ. "ಚೆನ್ನಾಗಿ ಮಾತಾಡಿದ್ರಿ" ಎಂದಳು, ಅಷ್ಟೆ. ಮರುದಿನ ಫ್ರಿಜ್ಜಿನ ಮೇಲೆ ಒಂದೂ ಚೀಟಿ ಇರಲಿಲ್ಲ.

ಹನ್ನೆರಡು ದಿನ ಹೀಗೇ ಹೋಯಿತು. ಹಾಲು ಒಡೆಯಿತು. ಕಿಟಕಿಯಿಂದ ಇರಚಲು ಹೊಡೆದು ಗಿಟಾರು ನೆನೆಯಿತು. ಅವಳು ಯಾವಾಗ ಬರುತ್ತಾಳೆ, ಉಂಡಳೋ ಇಲ್ಲವೋ, ಇವನಿಗೆ ಒಂದೂ ತಿಳಿಯದು. ಅವಳು ತನ್ನನ್ನು ಬಿಟ್ಟೇಬಿಟ್ಟಳೇನೋ ಎಂದು ಹೆದರಿ ಅಡುಗೆಮನೆಯಲ್ಲಿ ನಿಂತು ಅತ್ತ. ಎಂಟು ಹಾಡಿನ ತುಂಬ ಶೂನ್ಯವನ್ನು ವರ್ಣಿಸಿದ ಪಂಡಿತನಿಗೆ ಶೂನ್ಯ ಎಂದರೇನೆಂದು ಗೊತ್ತಾದದ್ದು ಆಗಲೇ.

ಆ ಭಾನುವಾರ ಸಂಜೆ ಆಲ್ಬಮ್ಮಿನ ಗೆಲುವಿಗೊಂದು ಸಮಾರಂಭ, ಟೀವಿಯಲ್ಲಿ ಅದರ ನೇರ ಪ್ರಸಾರ. ಹಾರ ಹಾಕಿಸಿಕೊಂಡವನು ಮೈಕಿನ ಮುಂದೆ ನಿಂತು, "ಈ ಹಾಡು ಬರೆದೋಳು ನನ್ನ ಹೆಂಡತಿ. ನಾನು ಚೀಟಿ ಓದಿದ್ದೀನಿ, ಅಷ್ಟೇ. ಓದಿ ಒಂದಿನಾನೂ ಕಿಟಕಿ ಹಾಕಿಲ್ಲ" ಎಂದ. ಸಭೆ ಹೋ ಎಂದು ನಕ್ಕಿತು. "ನಿಜವಾಗ್ಲೂ!" ಎಂದು ಗಂಟಲು ಹರಿದುಕೊಂಡ. ಎಂಥ ವಿನಯ ಎಂದು ಇನ್ನಷ್ಟು ಚಪ್ಪಾಳೆ ಬಿತ್ತು. ಸುಳ್ಳು ಹೇಳಿದಾಗ ನಂಬಿದ ಜನ ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ.

ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಅವತ್ತು ರಾತ್ರಿ ಡ್ಯೂಟಿಗೆ ಹೋಗಿದ್ದಳು. ಫ್ರಿಜ್ಜಿನ ಮೇಲೆ ಒಂದು ಚೀಟಿ ಇತ್ತು.

"ಟೀವೀಲಿ ನೋಡ್ದೆ. ನಾನು ನಂಬಿದ್ದೀನಿ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ಇದನ್ನ ಹಾಡಬೇಡಿ."

ಅವನು ಹಾಡಲಿಲ್ಲ. ಊಟ ಬಿಸಿಗಿಟ್ಟ. ಆಮೇಲೆ, ಚೀಟಿಯಲ್ಲಿ ಬರೆದಿರದಿದ್ದರೂ, ಹೋಗಿ ಕಿಟಕಿ ಹಾಕಿದ.