ಸುಣ್ಣ ತಾಗಿದ ಹೂಕಾರ್ಡು

ನನ್ನ ವಾರಗಿತ್ತಿಯನ್ನು ನೆನೆದರೆ ಇವತ್ತಿಗೂ ನನಗೆ ಅಯ್ಯೋ ಪಾಪ ಅನ್ನಿಸುವುದಿಲ್ಲ. ಇಷ್ಟು ಹಗೆ ಒಳ್ಳೆಯದಲ್ಲ ಅಂತ ಮನೆಯವರು ಹೇಳುತ್ತಾರೆ. ಹೇಳಲಿ. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡಿರುವವಳು ನಾನು. ನನ್ನ ಗಂಡನ ಅಣ್ಣನ ಹೆಂಡತಿ ಅವಳು, ಇರುವುದು ಆಂಡರ್ಸನ್‌ಪೇಟೆಯಲ್ಲಿ. ಹೂವಿನ ಶುಭಾಶಯ ಕಾರ್ಡು ಮಾಡುವವಳು ನಾನು, ಮಾಡಿದ್ದು ತಾನೇ ಅಂತ ಊರಿಗೆಲ್ಲ ಹೇಳಿಕೊಂಡು ಬರುವವಳು ಅವಳು.

ಹುಲ್ಲು ಕೊಯ್ಯಲು ಹೋದಾಗ ಬದುವಿನ ಮೇಲಿನ ತಂಗಡಿ ಹೂ, ಹೊಲದಂಚಿನ ಹುಚ್ಚೆಳ್ಳು ಹೂ ಮಡಿಲಿಗೆ ಹಾಕಿಕೊಂಡು ಬರುತ್ತೇನೆ. ಹಿತ್ತಿಲಲ್ಲಿ ಕನಕಾಂಬರ ಇದ್ದೇ ಇದೆ. ಹಳೇ ಪೇಪರಿನ ನಡುವೆ ಹರವಿ ಮೇಲೆ ಬೀಸುವ ಕಲ್ಲಿಟ್ಟರೆ ಹೂ ಚಪ್ಪಟೆಯಾಗಿ ಒಣಗುತ್ತದೆ. ಆಮೇಲೆ ದಪ್ಪ ಹಾಳೆ ಮಡಿಸಿ, ಮೈದಾ ಅಂಟಿನಲ್ಲಿ ಒಂದೊಂದೇ ಎಸಳು ಕೂರಿಸಬೇಕು. ಅಂಟು ಹೆಚ್ಚಾದರೆ ಹೂ ಕಪ್ಪಾಗುತ್ತದೆ, ಕಡಿಮೆಯಾದರೆ ಉದುರುತ್ತದೆ. ಶುಭಕಾರ್ಯದ ಕಾಗದ ಅಂದಮೇಲೆ ಮೂಲೆಗೆ ಅರಿಶಿನ ಹಚ್ಚದೆ ನಾನು ಯಾರ ಕೈಗೂ ಕೊಡುವುದಿಲ್ಲ.

ಅವಳ ತಂಗಿಯ ಮದುವೆಗೆ ಹೀಗೇ ಮಾಡಿಕೊಟ್ಟಿದ್ದೆ. ಛತ್ರದಲ್ಲಿ ಜನ ಹೊಗಳಿದಾಗ, ಪುರುಸೊತ್ತಾದಾಗ ಕೂತು ಮಾಡಿದೆ ಅಂದುಬಿಟ್ಟಳು. ಪಾಯಸದ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನುಂಗಿಕೊಂಡೆ. ಆದರೆ ಆ ಕಾರ್ಡನ್ನು ಅವಳ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ನೋಡಿದ್ದರು. ಮಕ್ಕಳಿಗೆ ಕೈಕೆಲಸ ಕಲಿಸಲು ಅವರಿಗೊಬ್ಬರು ಟೀಚರ್ ಬೇಕಿತ್ತು. ಕೆಲಸಕ್ಕೆ ಇವಳನ್ನೇ ಕರೆದರು, ಇವಳು ಹೂಂ ಅಂದಳು. ನಾನು ಪಿಯುಸಿ ಪಾಸಾಗಿ ಸಗಣಿ ಬಾಚುತ್ತಾ ಕೂತವಳು. ಆ ಕೆಲಸ ನನಗೆ ಬೇಕೇ ಬೇಕಿತ್ತು. ನಾಚಿಕೆ ಬಿಟ್ಟು ಕೇಳಿದೆ, ಕಾರ್ಡು ಮಾಡೋದು ನಾನು ಅಂತ ಮೇಡಮ್‌ಗೆ ಒಂದು ಮಾತು ಹೇಳಕ್ಕ ಅಂತ.

"ಸಗಣಿ ಬಾಚೋ ಕೈಗೆ ಯಾವ ಸ್ಕೂಲ್ನೋರು ಕೆಲ್ಸ ಕೊಡ್ತಾರೆ? ಸುಮ್ಕಿರು" ಅಂದಳು.

ಅದೇ ಬಾಯಲ್ಲಿ, ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಕಾರ್ಡು ಬೇಕು, ಮೇಡಮ್ಮೂ ಬರುತ್ತಾರೆ, ಚೆನ್ನಾಗಿರಲಿ ಅಂತಲೂ ಹೇಳಿದಳು. ಆಗಲಿ ಅಕ್ಕ ಅಂದೆ. ನಗುನಗುತ್ತಲೇ ಅಂದೆ.

ಈ ಸಲ ಬಂಗಾರಪೇಟೆಗೆ ಹೋಗಿ ಬಿಳಿ ಹಾಳೆಯ ಬದಲು ಹಳದಿ ಹಾಳೆ ತಂದೆ. ನನ್ನ ಬಲಗೈ ಹೆಬ್ಬೆರಳ ನಡುವೆ ಕುಡುಗೋಲು ಕೊಯ್ದ ಓರೆ ಗಾಯದ ಗುರುತಿದೆ. ಆ ಬೆರಳನ್ನು ಅರಿಶಿನದ ನೀರಿಗೆ ಅದ್ದಿ ಪ್ರತಿ ಕಾರ್ಡಿನ ಹಿಂಬದಿಯ ಮೂಲೆಗೆ ಒತ್ತಿದೆ. ಒಣಗಿದ ಮೇಲೆ ಹಳದಿಯಲ್ಲಿ ಹಳದಿ ಸೇರಿಹೋಯಿತು. ಒತ್ತುವಾಗೆಲ್ಲ ಸಗಣಿ ಬಾಚೋ ಕೈ, ಸಗಣಿ ಬಾಚೋ ಕೈ ಅಂತ ಹಲ್ಲು ಕಡಿಯುತ್ತಾ ಹೇಳಿಕೊಂಡೆ.

ಗೃಹಪ್ರವೇಶದ ದಿನ ಊಟವಾಗಿ ತಾಂಬೂಲದ ಜೊತೆ ಕಾರ್ಡು ಹಂಚಿದರು. ಮೇಡಮ್ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಎಲೆಗೆ ಸುಣ್ಣ ಸವರುತ್ತಾ, ಹೂ ಇಷ್ಟು ಬಣ್ಣ ಉಳಿಸಿಕೊಂಡಿದ್ದು ಹೇಗೆ ಅಂತ ಕೇಳಿದರು. ಇಸ್ತ್ರಿ ಮಾಡುತ್ತೇನೆ ಅಂದಳು ನಮ್ಮಕ್ಕ. ಇಸ್ತ್ರಿಯಂತೆ! ಮೇಡಮ್ ತಲೆಯಾಡಿಸಿ, ಸೋಮವಾರದಿಂದಲೇ ಬನ್ನಿ ಅಂದರು.

ನಾನು ಹತ್ತಿರ ಹೋಗಿ ಕೂತೆ. "ಮೇಡಮ್, ಬೆರಳಲ್ಲಿರೋ ಸುಣ್ಣಾನ ಒಸಿ ಕಾರ್ಡಿನ ಹಿಂದ್ಗಡೆ ಮೂಲೆಗೆ ಒರ್ಸಿ ನೋಡಿ."

ಒರೆಸಿದರು. ಆರತಿಯ ಓಕುಳಿ ನೀರಿನ ಹಾಗೆ ಕೆಂಪು ಏರಿತು. ನಡುವೆ ಓರೆ ಗೆರೆ ಎಳೆದ ಹೆಬ್ಬೆರಳು ಮೂಡಿತು. ನನ್ನ ಹೆಬ್ಬೆರಳನ್ನು ಅದರ ಪಕ್ಕ ಇಟ್ಟೆ.

ವಾರಗಿತ್ತಿಯ ಮೈಗೆ ಬೆಂಕಿ ಬಿದ್ದಂತಾಯಿತು. ಅದೇನೋ ಕಲೆ, ಒರೆಸಿದರೆ ಹೋಗುತ್ತೆ ಅನ್ನುತ್ತಾ, ಮಿಕ್ಕವುಗಳಲ್ಲೂ ಇದೇ ಇದ್ದೀತು ಅಂತ ಹೆದರಿ ಕಾರ್ಡಿನ ತಟ್ಟೆ ಎತ್ತಿಕೊಂಡು ಅಡುಗೆ ಕಟ್ಟೆಗೆ ಓಡಿ, ಪಾತ್ರೆ ತಿಕ್ಕುವ ಸೋಪಿನ ಬಟ್ಟೆಯಿಂದ ಮೂಲೆಗಳನ್ನು ಉಜ್ಜತೊಡಗಿದಳು. ಅರಿಶಿನಕ್ಕೆ ಸೋಪು ತಾಗಿದರೂ ಕೆಂಪಾಗುತ್ತೆ ಅಂತ ಬಟ್ಟೆ ಒಗೆಯುವ ಯಾವ ಹೆಂಗಸಿಗೆ ಗೊತ್ತಿಲ್ಲ? ಇವಳ ಬಟ್ಟೆ ಮಿಷನ್ನು ಒಗೆಯುತ್ತದೆ. ಉಜ್ಜಿದ ಕಾರ್ಡಿನಲ್ಲೆಲ್ಲ ನನ್ನ ಬೆರಳು ಕೆಂಪಗೆ ಎದ್ದಿತು. ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲದ ಹೊಸ ಮಾದರಿಯ ಮನೆ. ಬಂದ ನೆಂಟರೆಲ್ಲ ಕೂತಲ್ಲಿಂದಲೇ ನೋಡಿದರು.

ಮೇಡಮ್ ನನ್ನ ಕೈ ಹಿಡಿದು ಗಾಯದ ಗುರುತು ಸವರಿದರು. ಸೋಮವಾರ ನೀವು ಬರುತ್ತೀರಾ ಅಂತ ಕೇಳಿದರು. ಹಾಲು ಕರೆದು ಡೇರಿಗೆ ಹಾಕಿ ಮೊದಲ ಬಸ್ಸಿಗೇ ಬರುತ್ತೇನೆ ಅಂದೆ.

ಹೊರಡುವಾಗ ನಮ್ಮತ್ತೆ, ಮುತ್ತೈದೆ ಹಾಗೇ ಹೋಗಬಾರದು, ಕುಂಕುಮ ಕೊಡು ಅಂತ ಹಿರಿಸೊಸೆಗೆ ಹೇಳಿದರು. ಅವಳು ತಲೆ ಎತ್ತದೆ ಬಂದು ನನ್ನ ಹಣೆಗೆ ಕುಂಕುಮವಿಟ್ಟಳು. ಅವಳ ಬೆರಳ ತುದಿಗಳೂ ಕೆಂಪಾಗಿದ್ದವು. ತಾಂಬೂಲದ ಮೇಲೆ ಒಂದು ಕಾರ್ಡಿತ್ತು. ಎಲೆ ಅಡಿಕೆ ತೆಗೆದುಕೊಂಡು ಕಾರ್ಡನ್ನು ಅವಳ ಕೈಗೇ ವಾಪಸ್ ಇಟ್ಟೆ.

"ನೀನೇ ಮಡಿಕ್ಕೊ ಅಕ್ಕ. ನೀನೇ ಅಲ್ವಾ ಮಾಡಿದ್ದು?"

ಅತ್ತೆ ನೋಡುತ್ತಿದ್ದರು. ಅವಳು ಇಟ್ಟುಕೊಂಡಳು.