ಎಬ್ಬಿಸುವುದನ್ನು ಬಿಟ್ಟ ಚಾಂದ್ ಪಾಷಾ

ಹರಿಹರದ ಹಳೇ ಊರಿನ ಓಣಿಯಲ್ಲಿ ಇನ್ನೂ ಕತ್ತಲು. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದೆ. ತಲೆಗೆ ಮಫ್ಲರ್ ಸುತ್ತಿಕೊಂಡ ಚಾಂದ್ ಪಾಷಾ ಒಂದು ಮನೆಯ ಕಿಟಕಿಯ ಕೆಳಗೆ ನಿಂತು ಬಿದಿರು ಕೋಲಿನಿಂದ ಸರಳು ಬಡಿಯುತ್ತಾರೆ. "ಅಶ್ವಥ್, ಏಳಪ್ಪಾ." ಒಳಗೆ ದೀಪ ಹೊತ್ತಿಕೊಳ್ಳುತ್ತದೆ. ದೀಪ ಕಂಡ ಮಾತ್ರಕ್ಕೆ ಹೊರಟುಬಿಡುವ ಆಸಾಮಿ ಇವರಲ್ಲ. ಸ್ವಿಚ್ ಒತ್ತಿ ಮತ್ತೆ ರಗ್ಗಿನೊಳಗೆ ತೂರಿಕೊಳ್ಳುವ ಮಕ್ಕಳ ಚಾಳಿಯನ್ನು ಇವರು ಬೇಕಾದಷ್ಟು ಕಂಡಿದ್ದಾರೆ. ಹತ್ತನೇ ತರಗತಿಯ ಅಶ್ವಥ್ ಬಾಗಿಲು ತೆರೆದು, ಹೊರಗೆ ಬಂದು, ಇವರ ಎದುರೇ ಮುಖಕ್ಕೆ ನೀರು ಹಾಕಿಕೊಂಡ ಮೇಲಷ್ಟೇ ಕೋಲು ಕಂಕುಳಿಗೆ ಸೇರುತ್ತದೆ.

"ಇವತ್ತಿಗೆ ಮುಗೀತು ನೋಡಪ್ಪ. ನಾಳೆಯಿಂದ ನಾ ಬರಲ್ಲ. ನೀನೇ ಬಂದು ನನ್ನ ಎಬ್ಬಿಸ್ಬೇಕು."

ಅಶ್ವಥ್ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಹಿಂದೆಯೇ ಬಂದ ತಾಯಿ ಪ್ರೇಮಲತಾಗೆ ಗಾಬರಿ. "ಇದೇನ್ ಸಾಬ್ರೇ, ಪರೀಕ್ಷೆ ಹತ್ರ ಬಂದಾಗ ಕೈ ಬಿಟ್ರೆ ಹೆಂಗ್ರೀ? ಇವ್ನು ನನ್ ಮಾತಿಗೆ ಏಳೋನಲ್ಲ."

"ಕೈ ಬಿಟ್ಟಿಲ್ಲಮ್ಮ. ಒಂದು ಹುಡುಗಿ ವಿಷಯದಾಗೆ ನಂಗೆ ಬುದ್ಧಿ ಬಂದೈತೆ, ಅಷ್ಟೇ," ಎಂದು ಚಾಂದ್ ಪಾಷಾ ಮುಂದಿನ ಮನೆಯತ್ತ ಹೆಜ್ಜೆ ಹಾಕುತ್ತಾರೆ.

ಅರವತ್ತರ ಆಸುಪಾಸಿನ ಚಾಂದ್ ಪಾಷಾ ಹೊಟ್ಟೆಪಾಡಿಗೆ ಮಂಡಕ್ಕಿ ಭಟ್ಟಿಯ ಕೆಲಸಗಾರ. ದಾವಣಗೆರೆಯ ಭಟ್ಟಿಯೊಂದರಲ್ಲಿ ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿದೇ ಅರ್ಧ ಆಯುಷ್ಯ ಕಳೆದಿದೆ. ಹೊಗೆಗೆ ಕಣ್ಣು ಕೆಟ್ಟ ಮೇಲೆ ಮಾಲೀಕರು ಚೀಲ ತುಂಬುವ ಕೆಲಸಕ್ಕೆ ಹಚ್ಚಿದ್ದಾರೆ. ಬೆಳಿಗ್ಗೆ ಆರರ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆಗೆ. ಬಸ್ಸು ತಪ್ಪಿದರೆ ಆ ದಿನದ ಕೂಲಿ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಇವರು ಮತ್ತು ಹೆಂಡತಿ ಅಮೀನಾಬೀ. ಇವರು ಓದಿದ್ದು ಮೂರನೇ ಕ್ಲಾಸು. ಅದನ್ನೂ "ಮೂರನೇ ಕ್ಲಾಸಿನ ಬಾಗಿಲು ನೋಡೀನಿ" ಎಂದೇ ಹೇಳಿಕೊಂಡು ನಗುತ್ತಾರೆ.

ಎಬ್ಬಿಸುವ ಕೆಲಸ ಅಪ್ಪನಿಂದ ಬಂದದ್ದು. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯುವವರು ಬೆಳಗಾಗುವ ಮುನ್ನ ಸಹರಿಯ ಊಟ ಮುಗಿಸಬೇಕಲ್ಲ, ಅವರನ್ನು ಎಬ್ಬಿಸಲು ಅಪ್ಪ ದಫ್ ಬಾರಿಸುತ್ತಾ ಓಣಿ ಸುತ್ತುತ್ತಿದ್ದರು. ಅವರ ನಂತರ ಆ ದಫ್ ಮಗನ ಕೈಗೆ ಬಂತು. ನಾಲ್ಕೈದು ವರ್ಷದ ಹಿಂದೆ ರಂಜಾನ್ ಮತ್ತು ಪರೀಕ್ಷೆ ಒಟ್ಟೊಟ್ಟಿಗೇ ಬಂದವು. ಓಣಿಯ ಕೊನೆಯ ಮನೆಯ ಹೊನ್ನಕ್ಕ ಒಂದು ದಿನ ದಾರಿಗಡ್ಡ ನಿಂತು, "ಹೆಂಗೂ ಬರ್ತೀರಲ್ರೀ ಸಾಬ್ರೇ, ನಮ್ಮ ಅಂಬಿಕಾನ್ನೂ ಒಂದಿಷ್ಟು ಕೂಗ್ರಿ, ಓದ್ಕೊಳ್ಳಲಿ" ಎಂದಳು. ಮಗಳನ್ನು ತಾನೇ ಎಬ್ಬಿಸಬಹುದಿತ್ತು. ಆದರೆ ಮುದುಡಿ ಮಲಗಿದ ಮಗಳನ್ನು ಕಂಡರೆ ಹೊನ್ನಕ್ಕನ ಕರುಳು ಚುರ್ ಎನ್ನುತ್ತಿತ್ತು, ಇನ್ನೈದು ನಿಮಿಷ ಮಲಗಲಿ ಎನ್ನುವಷ್ಟರಲ್ಲಿ ಸೂರ್ಯ ನೆತ್ತಿಗೇರುತ್ತಿದ್ದ. ಮೊಬೈಲಿನ ಅಲಾರಂ ಕೈಯಾಡಿಸಿದರೆ ಬಾಯಿ ಮುಚ್ಚುತ್ತದೆ. ಚಾಂದ್ ಪಾಷಾ ಮುಚ್ಚುವುದಿಲ್ಲ.

ಆ ವರ್ಷ ಅಂಬಿಕಾ ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿಯೇ ಪಾಸಾದಳು. ಓಣಿಯಲ್ಲಿ ಸುದ್ದಿ ಹಬ್ಬಿತು. ಮರುವರ್ಷ ಹತ್ತಾರು ಮನೆಯವರು ಬಂದು ಕೇಳಿದರು. ಯಾರಿಗೂ ಇಲ್ಲ ಎನ್ನಲಿಲ್ಲ. ಕೋಲು ಹಿಡಿದು ಹೊರಟರೆ ಮಕ್ಕಳೆಲ್ಲ ಸಾಲಾಗಿ ಎದ್ದು ಕೂರುವುದನ್ನು ನೋಡಲು ಇವರಿಗೂ ಹೆಮ್ಮೆ. "ಸುಳ್ಳು ಯಾಕ ಹೇಳ್ಲಿ, ಈ ಓಣಿ ಮಕ್ಕಳು ಪಾಸಾಗೋದು ನನ್ನ ಕೋಲಿನಿಂದ ಅಂತ ಒಳಗೊಳಗೇ ಉಬ್ಬಿದ್ದೆ," ಎನ್ನುತ್ತಾರೆ.

ಆ ಉಬ್ಬು ಇಳಿದದ್ದು ಅಂಬಿಕಾ ದ್ವಿತೀಯ ಪಿಯುಸಿಗೆ ಬಂದಾಗ. ಲೆಕ್ಕಶಾಸ್ತ್ರದ ಪರೀಕ್ಷೆಯ ಹಿಂದಿನ ದಿನ ಚಾಂದ್ ಪಾಷಾರಿಗೆ ಮೈ ಕೆಂಡದಂಥ ಜ್ವರ. ಆಗಲೂ ರಂಜಾನ್. ಸಹರಿಗೆ ಏಳಬೇಕಾದವರು ಮಸೀದಿಯ ಮೈಕ್ ಕೇಳಿ ಎದ್ದರು. ಹೊನ್ನಕ್ಕನ ಮನೆಯ ಕಿಟಕಿ ಬಡಿಯಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಉಳಿದ ಎರಡು ಪಾಠ ಬೆಳಗಿನ ಜಾವ ನೋಡಿಕೊಂಡರಾಯಿತು ಎಂದು ಮಲಗಿದ್ದ ಅಂಬಿಕಾ ಎಚ್ಚರಗೊಂಡಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಅಳುತ್ತಲೇ ಬಸ್ಸು ಹತ್ತಿದಳು. ಗಾಬರಿಯಲ್ಲಿ ಗೊತ್ತಿದ್ದ ಲೆಕ್ಕವೂ ಕೈ ಕೊಟ್ಟಿತು. ಫಲಿತಾಂಶ ಬಂದಾಗ ಅದೊಂದೇ ವಿಷಯದಲ್ಲಿ ಫೇಲು.

ಅಂಬಿಕಾಳ ಅಪ್ಪ ಗುತ್ತೆಪ್ಪ ಕಾರ್ಖಾನೆಯ ರಾತ್ರಿಪಾಳಿಯ ಕೆಲಸಗಾರ. ಕೆಟ್ಟ ಮನುಷ್ಯನಲ್ಲ, ಆದರೆ ಸೋತುಹೋಗಿದ್ದ. ಇನ್ನು ಓದು ಸಾಕು, ದಾವಣಗೆರೆಯ ಪಿ.ಜೆ. ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ಮಾತಾಡಿ ಬಂದಿದ್ದೇನೆ, ಒಂದನೇ ತಾರೀಖಿನಿಂದ ಕೆಲಸಕ್ಕೆ ಹೋಗಲಿ ಎಂದುಬಿಟ್ಟ. ವಿಷಯ ತಿಳಿದು ಚಾಂದ್ ಪಾಷಾ ಓಡಿದರು. ಬಾಗಿಲಲ್ಲೇ ಅಂಬಿಕಾ ಎದುರಾದಳು.

"ಚಾಚಾ, ನೀವ್ ಬಂದಿದ್ರೆ ನಾ ಪಾಸಾಗ್ತಿದ್ದೆ."

ಆ ಮಾತು ಎದೆಗೆ ನಾಟಿತು. ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. "ಮೊದ್ಲು ಬೇಜಾರಾತು. ಆಮೇಲೆ ವಿಚಾರ ಮಾಡ್ದೆ. ಏಳೋದು ಆಕಿ ಕೆಲ್ಸ. ಅದನ್ನ ಆಕಿ ಕೈಯಿಂದ ಕಸ್ಕೊಂಡೋನು ನಾನು. ಮೂರ್ ವರ್ಷ ನಾನೇ ಎಬ್ಬಿಸಿ ಎಬ್ಬಿಸಿ, ತಾನಾಗೇ ಏಳೋದನ್ನ ಮರೆಸಿಬಿಟ್ಟಿದ್ದೆ." ಇದನ್ನು ಹೇಳುವಾಗ ಅವರ ದನಿ ಇಂದಿಗೂ ಸಣ್ಣಗಾಗುತ್ತದೆ.

ಮರುದಿನ ಗುತ್ತೆಪ್ಪನ ಮುಂದೆ ಕೂತು ಕೈ ಮುಗಿದರು. ಫೇಲಾದವರು ಮತ್ತೆ ಬರೆಯುವ ಎರಡನೇ ಪರೀಕ್ಷೆಗೆ ಇನ್ನೂ ಎರಡು ವಾರವಿದೆ, ಅದೊಂದು ಮುಗಿಯಲಿ, ಆಮೇಲೆ ನಿನ್ನಿಷ್ಟ ಎಂದು ಬೇಡಿಕೊಂಡರು. ಗುತ್ತೆಪ್ಪ ಒಲ್ಲದ ಮನಸ್ಸಿನಿಂದಲೇ ಹೂಂ ಎಂದ. ಆಮೇಲೆ ಅಂಬಿಕಾಳನ್ನು ಕರೆದು, ಜ್ವರ ಬಂದು ಹೋದಾಗಿನಿಂದ ತಮಗೇ ಬೆಳಿಗ್ಗೆ ಎಚ್ಚರವಾಗುತ್ತಿಲ್ಲ ಎಂದು ಸುಳ್ಳು ಹೇಳಿದರು. "ಇನ್ನು ಮ್ಯಾಲೆ ನೀನೇ ಬಂದು ನನ್ನ ಎಬ್ಬಿಸ್ಬೇಕವ್ವ. ನೀ ಬರ್ಲಿಲ್ಲ ಅಂದ್ರೆ ನಂಗೆ ಬಸ್ ತಪ್ಪತೈತೆ." ಮಗಳನ್ನು ಎಬ್ಬಿಸುವುದಿಲ್ಲ ಎಂದು ಹೊನ್ನಕ್ಕನಿಂದ ಆಣೆಯನ್ನೂ ಹಾಕಿಸಿಕೊಂಡರು.

ಮೊದಲ ದಿನ ಅಂಬಿಕಾ ಬರಲಿಲ್ಲ. ಚಾಂದ್ ಪಾಷಾ ಎಂದಿನಂತೆ ನಸುಕಿಗೇ ಎಚ್ಚರಗೊಂಡು ಮಂಚದ ಮೇಲೆ ಒದ್ದಾಡುತ್ತಿದ್ದರು. ಕೋಲು ಮೂಲೆಯಲ್ಲೇ ಇತ್ತು. ಅಮೀನಾಬೀಗೆ ತಡೆಯಲಾಗಲಿಲ್ಲ. "ಎದ್ದೇ ಇದ್ದೀರಲ್ಲ, ಹೋಗಿ ಎಬ್ಬಿಸಬಾರದಾ? ಆ ಮಗು ಜೀವನದ ಜೊತೆ ಇದೆಂಥ ಆಟ?" ಎಂದು ಗದರಿದರು. ಇವರು ಗೋಡೆ ಕಡೆ ಹೊರಳಿದರು. ಬಸ್ಸು ಹೋಯಿತು, ಕೂಲಿಯೂ ಹೋಯಿತು. ಬೆಳಗಾದ ಮೇಲೆ ನೀರಿಗೆಂದು ಹೊರಬಂದ ಅಂಬಿಕಾ, ಕೆಲಸಕ್ಕೆ ಹೋಗದೆ ಕಟ್ಟೆಯ ಮೇಲೆ ಕೂತ ಚಾಚಾನನ್ನು ಕಂಡಳು. ಕೊಡ ಅಲ್ಲೇ ಇಟ್ಟು ಮನೆಯೊಳಗೆ ಓಡಿದಳು.

ಎರಡನೇ ದಿನ ಬಂದಳು, ತಡವಾಗಿ. ಚಾಂದ್ ಪಾಷಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ನಿಲ್ದಾಣಕ್ಕೆ ಓಡಿ ಬಸ್ಸು ಹಿಡಿದರು. ಮೂರನೇ ದಿನ ಕೋಳಿ ಕೂಗುವ ಹೊತ್ತಿಗೇ ಬಾಗಿಲ ಚಿಲಕ ಸದ್ದು ಮಾಡಿತು. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಲಿಲ್ಲ.

ಅಂಬಿಕಾ ಈಗ ದಾವಣಗೆರೆಯ ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿನಿ. ಆ ದಿನಗಳ ಮಾತು ಬಂದರೆ ನಾಚಿಕೊಳ್ಳುತ್ತಾಳೆ. "ನನ್ನಿಂದ ಚಾಚಾನ ಕೂಲಿ ಹೋತಲ್ಲ ಅಂತ ಅವತ್ತು ಊಟ ಸೇರ್ಲಿಲ್ಲ. ಎದ್ದ ಮ್ಯಾಲೆ ಸುಮ್ನೆ ಕೂಡಾಕಾಗಲ್ಲ ಅಂತ, ನಂಗೆ ಬರದೇ ಇದ್ದ ಲೆಕ್ಕಾನೇ ಮೊದ್ಲು ಹಿಡೀತಿದ್ದೆ. ತಿಳೀಲಿಲ್ಲ ಅಂದ್ರೆ ಲೆಕ್ಚರರ್ ಹತ್ರ ಹೋಗ್ತಿದ್ದೆ. ಮೊದ್ಲೆಲ್ಲ ಕೇಳಾಕೆ ಹೆದರಿಕೆ, ನಕ್ಕರೆ ಅಂತ. ಫೇಲಾದೋಳಿಗೆ ಇನ್ನೆಂಥ ಹೆದರಿಕೆ?" ಎರಡನೇ ಪರೀಕ್ಷೆಯಲ್ಲಿ ಲೆಕ್ಕಶಾಸ್ತ್ರ ದಾಟಿದಳು. ಗುತ್ತೆಪ್ಪ ಬಟ್ಟೆ ಅಂಗಡಿಗೆ ಹೋಗಿ, ಮಗಳು ಬರುವುದಿಲ್ಲ ಎಂದು ಹೇಳಿ ಬಂದ.

ಅಂದಿನಿಂದ ಓಣಿಯಲ್ಲಿ ಇದೇ ರೂಢಿ. ಹೊಸ ಮಕ್ಕಳನ್ನು ಮೊದಲೊಂದು ವಾರ ಮಾತ್ರ ಇವರು ಎಬ್ಬಿಸುತ್ತಾರೆ. ಆಮೇಲೆ ಮಕ್ಕಳೇ ಸರದಿಯಂತೆ ಬಂದು ಇವರ ಬಾಗಿಲು ಬಡಿಯಬೇಕು. ಎಲ್ಲರೂ ಬರುವುದಿಲ್ಲ. ಬಾರದವರ ಮೇಲೆ ಇವರಿಗೆ ಕೋಪವೂ ಇಲ್ಲ, ಅವರ ಕಿಟಕಿಯತ್ತ ಒಮ್ಮೆ ನೋಡಿ ಬಸ್ಸಿಗೆ ನಡೆಯುತ್ತಾರೆ.

ಗುತ್ತೆಪ್ಪ ಮಾತ್ರ ಇಂದಿಗೂ ಸಿಕ್ಕವರ ಮುಂದೆಲ್ಲ, ನಮ್ಮ ಹುಡುಗಿಯನ್ನು ಪಾಸು ಮಾಡಿಸಿದ್ದೇ ಸಾಬರು ಎನ್ನುತ್ತಾನೆ. ಚಾಂದ್ ಪಾಷಾರಿಗೆ ಅದು ಹಿಡಿಸುವುದಿಲ್ಲ.

"ನಂದೇನೈತ್ರಿ ಅದ್ರಾಗೆ? ಆಕಿ ಬಾಗ್ಲು ಬಡ್ಯೋ ಹೊತ್ತಿಗೆ ನಾ ಎದ್ದು, ಮುಖ ತೊಳ್ದು, ಚಾ ಕುಡ್ದು ಮತ್ತೆ ಮಲಗಿರ್ತಿದ್ದೆ. ಬಾಗ್ಲು ತೆಗೆದು ಆಕಳಿಸ್ತಿದ್ದೆ, ಆಗ ತಾನೇ ಎದ್ದೋನಂಗೆ. ಆಕಿಗೆ ಇವತ್ತಿಗೂ ಗೊತ್ತಿಲ್ಲ."

ಇದನ್ನು ಪತ್ರಿಕೆಯಲ್ಲಿ ಬರೆದರೆ ಅಂಬಿಕಾ ಓದುತ್ತಾಳಲ್ಲ ಎಂದು ಕೇಳಿದರೆ ಚಾಂದ್ ಪಾಷಾ ಮಫ್ಲರ್ ಸರಿಮಾಡಿಕೊಳ್ಳುತ್ತಾರೆ.

"ಬರೀರಿ, ಓದ್ಲಿ ಬಿಡ್ರಿ. ಈಗ ಆಕಿಗೆ ನಾ ಬೇಕಾಗಿಲ್ಲ."