ತೂದಾ ಕಾದ ಕತ್ತಲು

ಜೂನ್ ತಿಂಗಳ ಒಂದು ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಊರಿನ ಗಂಡಸರೆಲ್ಲ ಮಸೀದಿಯಿಂದ ಹೊರಬರುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಡಾಕ್ಟರ್ ತೂದಾ ಉಬಿಹಿಯ ಬಾಡಿಗೆ ಹೇಸರಗತ್ತೆ ಅಗ್ದಾಲಿಗೆ ನುಗ್ಗಿ ಮೇಯತೊಡಗಿತು.

ಅಗ್ದಾಲ್ ನಮ್ಮ ಬೆಟ್ಟದ ಮೇಲಿನ ಹುಲ್ಲುಗಾವಲು. ಮಾರ್ಚ್‌ನಲ್ಲಿ ಮುಚ್ಚಿದರೆ ಆಗಸ್ಟ್ ಹತ್ತರವರೆಗೆ ಅಲ್ಲಿ ಕುರಿಯಿರಲಿ, ಕುರಿಯ ನೆರಳೂ ಬೀಳುವಂತಿಲ್ಲ. ಬೇಲಿಯಿಲ್ಲ, ಬಾಗಿಲಿಲ್ಲ, ಊರ ಹಿರಿಯರ ಜಮಾತಿನ ಮಾತೇ ಬೇಲಿ. ಬೆಟ್ಟದ ತುದಿಯಲ್ಲಿ ತಾನು ಕೆಲಸ ಮಾಡುವ ನಕ್ಷತ್ರ ವೀಕ್ಷಣಾಲಯದ ಜೀಪು ಕೆಟ್ಟಿದ್ದರಿಂದ ದೂರದರ್ಶಕದ ಕ್ಯಾಮೆರಾವನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಹೊರಟಿದ್ದ ತೂದಾ, ಅದನ್ನು ಹಿಡಿಯಲು ಓಡಿ, ಜಾರಿ, ನಲವತ್ತೆಂಟರ ವಯಸ್ಸಿನಲ್ಲಿ ಕೆಸರಿನೊಳಗೆ ಕುಕ್ಕರಿಸಿದಳು. ಕಾವಲುಗಾರ ಸೀಟಿ ಊದಿದ. ಊದುವ ಅಗತ್ಯವೇನಿರಲಿಲ್ಲ; ಇಡೀ ಊರು ನೋಡುತ್ತಲೇ ಇತ್ತು.

ಮರ್ಯಾದೆ ಹೋಗಿದ್ದು ಯಾರದೋ ಪರವೂರಿನವರದಲ್ಲ. ತೂದಾ ಇದೇ ಬೆಟ್ಟದ ಕುರಿಗಾಹಿಗಳ ಮನೆಯ ಮಗಳು. ಕಣಿವೆಯ ಶಾಲೆ, ಮರ‍್ರಾಕೆಶ್‌ನ ವಿಶ್ವವಿದ್ಯಾಲಯ, ಫ್ರಾನ್ಸಿನಲ್ಲಿ ಡಾಕ್ಟರೇಟು, ಹೀಗೆ ಇಳಿಯುತ್ತ ಹೋದವಳು ಮತ್ತೆ ಹತ್ತಿ ಬಂದಿದ್ದಳು. ಎಳೆಯ ನಕ್ಷತ್ರದ ಸುತ್ತ ತಿರುಗುವ ಧೂಳು ಉಂಡೆಗಟ್ಟಿ, ಉಂಡೆ ಬಂಡೆಯಾಗಿ, ಬಂಡೆ ಗ್ರಹವಾಗುವುದು ಹೇಗೆ ಎಂಬುದೇ ಅವಳ ವಿಷಯ. ಅದೇ ಅವಳ ಗ್ರಹಚಾರವೂ ಆಯಿತು. ಧೂಳಿನ ಬಗ್ಗೆ ಓದಲು ಫ್ರಾನ್ಸಿಗೆ ಹೋಗಬೇಕಿತ್ತೇ, ಮನೆಯಲ್ಲೇ ಕೈಗೊಂದು ಪೊರಕೆ ಕೊಡುತ್ತಿರಲಿಲ್ಲವೇ ಎಂದು ತಾಯಿ ಕೇಳಿದ್ದಳು. ಇಲ್ಲೇ ಇರು, ನಿಮ್ಮ ಬೆಟ್ಟದ ದೂರದರ್ಶಕ ಒಂದು ಆಟಿಕೆ ಎಂದು ಅಲ್ಲಿನ ಪ್ರೊಫೆಸರು ಹೇಳಿದ್ದರು. ಆಟಿಕೆಯಾದರೂ ಸರದಿಗೆ ಕಾಯದೆ ಆಡಬಹುದಲ್ಲ ಎಂದು ಅವರಿಗೆ ಉತ್ತರ ಕೊಟ್ಟು ಬಂದಳು. ಆಮೇಲೆ ಒಂದೆರಡು ರಾತ್ರಿ ನೋಡಲು ಬಿಡಿ ಎಂದು ದೊಡ್ಡ ದೂರದರ್ಶಕಗಳ ಸಮಿತಿಗಳಿಗೆ ನಾಲ್ಕು ಸಲ ಅರ್ಜಿ ಹಾಕಿದಳು. ನಾಲ್ಕು ನಿರಾಕರಣೆಯ ಪತ್ರಗಳನ್ನೂ ಮಡಚಿ ಅಲುಗಾಡುವ ಮೇಜಿನ ಕಾಲಡಿಗೆ ಇಟ್ಟಳು. ಮೇಜು ಇವತ್ತಿಗೂ ಅಲುಗುವುದಿಲ್ಲ.

ಆ ಆಟಿಕೆಯಲ್ಲೇ ಅವಳು ವೃಶ್ಚಿಕದ ಹತ್ತಿರ ಒಂದು ಎಳೆಯ ನಕ್ಷತ್ರವನ್ನು ಹಿಡಿದಳು. ಧೂಳಿನ ಒಂದು ದೊಡ್ಡ ಉಂಡೆ, ಅವಳ ಲೆಕ್ಕದಲ್ಲಿ ಗ್ರಹವಾಗುತ್ತಿರುವ ಉಂಡೆ, ಒಂಬತ್ತು ವರ್ಷಕ್ಕೊಮ್ಮೆ ಅದರ ಮುಂದೆ ಹಾದುಹೋಗುತ್ತಿತ್ತು. ಮೊದಲ ಸಲ ಅರ್ಧಂಬರ್ಧ ಕಂಡಿದ್ದನ್ನು ಬರೆದಾಗ, ನಿಮ್ಮ ಉಪಕರಣದ ದೋಷವಿರಬೇಕು ಎಂದು ವಿದ್ವಾಂಸರು ತಳ್ಳಿಹಾಕಿದರು. ಎರಡನೆಯ ಸಲ ಈ ಜುಲೈಯಲ್ಲಿ. ತಪ್ಪಿದರೆ ಮತ್ತೆ ಒಂಬತ್ತು ವರ್ಷ.

ಅಷ್ಟರಲ್ಲಿ ಕಾಸಾಬ್ಲಾಂಕಾದಿಂದ ಬಂದ ಸ್ಕಲ್ಲಿ ಎಂಬವರು ವೀಕ್ಷಣಾಲಯದ ಬುಡದಲ್ಲೇ ಹೋಟೆಲು ಕಟ್ಟಿ, ಬಂಡೆಗಳಿಗೆಲ್ಲ ಮದುವೆಮನೆಯಂತೆ ದೀಪ ಹಾಕಿಸಿದ್ದರು. ಆ ಬೆಳಕಿಗೆ ದೂರದರ್ಶಕ ಕುರುಡಾಗುತ್ತದೆ, ಆರಿಸಿ ಎಂದು ತೂದಾ ಹೋಗಿ ಕೇಳಿದರೆ, ನಕ್ಷತ್ರ ನೋಡಲು ಯಾರೂ ರೂಮು ಹಿಡಿಯುವುದಿಲ್ಲ ಎಂದರು. ಸರ್ಕಾರಕ್ಕೆ ಬರೆದರೆ, ಕತ್ತಲು ನಮ್ಮ ಇಲಾಖೆಗೆ ಬರುವುದಿಲ್ಲ ಎಂಬ ಉತ್ತರ ಬಂತು. ಉಳಿದದ್ದು ಜಮಾತು. ಅಲ್ಲಿ ಹೆಂಗಸರು ಮಾತಾಡುವ ಪದ್ಧತಿಯಿಲ್ಲ.

ಆದರೆ ಅಗ್ದಾಲ್ ಮುರಿದವರು ಇಡೀ ಜಮಾತಿಗೆ ಊಟ ಹಾಕಬೇಕು, ಅದೇ ದಂಡ. ಉಂಡವರು ಚಹಾ ಕುಡಿದು ಊಟ ಹಾಕಿದವರ ಮಾತು ಕೇಳಿಯೇ ಏಳಬೇಕು, ಅದೂ ಪದ್ಧತಿಯೇ. ಊಟ ಹಾಕಿದವರು ಗಂಡಸೇ ಆಗಿರಬೇಕೆಂದು ಯಾರೂ ಹೇಳಿರಲಿಲ್ಲ, ಯಾಕೆಂದರೆ ಯಾರಿಗೂ ಹೊಳೆದಿರಲಿಲ್ಲ. ತೂದಾ ಎರಡು ಕುರಿ ಕೊಯ್ಯಿಸಿ, ಅತ್ತೆಯರನ್ನು ಸೇರಿಸಿಕೊಂಡು ನಲವತ್ತೆರಡು ಜನಕ್ಕೆ ಕುಸ್ಕುಸ್ ಬೇಯಿಸಿದಳು.

ಜಮಾತಿನ ಹಿರಿಯ ದಾದಾ ಹಮ್ಮು. ಹೆಸರಲ್ಲಿ ಬಿಟ್ಟರೆ ಅವನಲ್ಲಿ ಹಮ್ಮು ಕಡಿಮೆ. ಚಹಾ ಲೋಟ ಕೆಳಗಿಟ್ಟು, "ಮಾತಾಡು ಮಗಳೇ. ತಿಂದಾಗಿದೆ, ಇನ್ನು ತಪ್ಪಿಸ್ಕೊಳ್ಳೋ ಹಾಗಿಲ್ಲ" ಎಂದ.

"ನನ್ನ ಹೇಸರಗತ್ತೆ ಎಷ್ಟು ಹುಲ್ಲು ತಿಂತು, ದಾದಾ?"

"ನಾಲ್ಕು ಬಾಯಿ," ಎಂದ ಕಾವಲುಗಾರ.

"ನಾಲ್ಕು ಬಾಯಿಗೆ ಎರಡು ಕುರಿ ಹೋಯ್ತು. ಆ ಹೋಟೆಲು ಆರು ತಿಂಗಳಿಂದ ನಮ್ಮ ಕತ್ತಲನ್ನ ಬುಡಸಮೇತ ಮೇಯ್ತಾ ಇದೆ. ಅದಕ್ಕೇನು ದಂಡ?"

"ಆಕಾಶಕ್ಕೆ ಬೇಲಿ ಇಲ್ವಲ್ಲ, ತಾಯಿ," ಎಂದ ಹಮ್ಮು.

"ಅಗ್ದಾಲಿಗೆ ಎಲ್ಲಿದೆ?"

ಹಿಂದಿನ ಸಾಲಿನಿಂದ ಅವಳ ಚಿಕ್ಕಪ್ಪನ ಮಗ, "ಹಾಗಾದ್ರೆ ಚಂದ್ರನಿಗೂ ದಂಡ ಹಾಕ್ಬೇಕೇನು, ಲಲ್ಲಾ ತೂದಾ?" ಎಂದು, ಗೌರವದ ‘ಲಲ್ಲಾ’ವನ್ನು ಬೇಕೆಂದೇ ಎಳೆದು ಕೆಣಕಿದ.

"ಚಂದ್ರ ಹೇಳಿದ ದಿನ ಹೋಗ್ತಾನೆ. ಸ್ಕಲ್ಲಿ ಹೋಗ್ತಾರಾ?" ಎಂದು ತಿರುಗಿ ಕೇಳಿ, ಹಮ್ಮುವಿನ ಕಡೆ ನೋಡಿದಳು. "ಕುರಿ ಬೇಗ ಬಿಟ್ರೆ ಹುಲ್ಲು ಬೀಜ ಕಟ್ಟಲ್ಲ ಅಂತ ನನಗೆ ಕಲಿಸಿದ್ದು ನೀವೇ. ಅಲ್ಲಿ ಮೇಲೂ ಒಂದು ಬೀಜ ಕಟ್ತಾ ಇದೆ. ಹುಲ್ಲಿನ ಜೊತೆ ಕತ್ತಲನ್ನೂ ಮುಚ್ಚಿ. ಬೇಡ್ತಾ ಇಲ್ಲ ನಾನು, ಊಟ ಹಾಕಿದ್ದೀನಿ."

ಜಮಾತು ಇಳಿಹೊತ್ತಿನ ಅಸರ್ ನಮಾಜಿನವರೆಗೆ ಜಗಳಾಡಿತು. ಕೊನೆಗೆ ಆಗಸ್ಟ್ ಹತ್ತರವರೆಗೆ ಬೆಟ್ಟದ ಕತ್ತಲೂ ಅಗ್ದಾಲ್ ಎಂದು ಹಮ್ಮು ಸಾರಿದ.

ಕಾನೂನಿನಲ್ಲಿ ಇಂಥದ್ದಿಲ್ಲ ಎಂದು ಸ್ಕಲ್ಲಿ ಅವತ್ತು ಒಂದು ದೀಪವನ್ನೂ ಆರಿಸಲಿಲ್ಲ. ಮರುದಿನ ಮಧ್ಯಾಹ್ನ ನಲವತ್ತೆರಡು ಜನ ಒಗೆದ ಜೆಲ್ಲಾಬಾ ತೊಟ್ಟು ಹೋಟೆಲಿನ ಜಗಲಿಯಲ್ಲಿ ಸಾಲಾಗಿ ಕೂತರು. ಗಲಾಟೆಯಿಲ್ಲ, ಬೆದರಿಕೆಯಿಲ್ಲ, ದಂಡದ ಊಟಕ್ಕೆ ಬಂದಿದ್ದೇವೆ ಎಂದರು, ಅಷ್ಟೆ. ಹೋಟೆಲಿಗೆ ನೀರು ಬರುವುದು ಜಮಾತಿನ ಕಾಲುವೆಯಿಂದ, ಅಡಿಗೆಯವರೆಲ್ಲ ಜಮಾತಿನವರ ಅಳಿಯಂದಿರು. ಸ್ಕಲ್ಲಿ ಬಡಿಸಿದರು. ನಾಳೆಯೂ ದೀಪ ಉರಿದರೆ ನಾಳೆಯೂ ಬರುತ್ತೇವೆ ಎಂದು ಹಮ್ಮು ಕೈ ತೊಳೆಯುತ್ತ ಬಹಳ ಸೌಜನ್ಯದಿಂದ ತಿಳಿಸಿದ. ಸಂಜೆಗೆ ಬೆಟ್ಟ ಕಪ್ಪಾಯಿತು.

ಜುಲೈಯಲ್ಲಿ ತೂದಾ ಹನ್ನೊಂದು ರಾತ್ರಿ ಕೆಳಗಿಳಿಯಲಿಲ್ಲ. ಹನ್ನೆರಡನೆಯ ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಇಳಿದು ಬಂದಾಗ ಚಹಾ ಅಂಗಡಿಯ ಮುಂದೆ ಅರ್ಧ ಜಮಾತು ಕಾದಿತ್ತು. ಸ್ಕಲ್ಲಿಯವರೂ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಂತು, ಪೂರ್ತಿ ಹಿಡಿದೆ, ಇನ್ನು ಆ ವಿದ್ವಾಂಸರು ಯಾರ ಉಪಕರಣವನ್ನು ಬೈಯುತ್ತಾರೋ ಬೈಯಲಿ ಎಂದಳು. ಹಮ್ಮು ಅವಳ ಹಣೆಗೆ ಮುತ್ತಿಟ್ಟ.

ಸ್ಕಲ್ಲಿ ತಡೆಯಲಾರದೆ ಕೇಳಿದರು. "ಒಂಬತ್ತು ವರ್ಷ ಕಾದ್ರಿ, ಡಾಕ್ಟರ್. ನನ್ನ ಹೋಟೆಲನ್ನ ಕತ್ತಲಲ್ಲಿ ಕೂರಿಸಿದ್ರಿ, ಊರಿಗೆಲ್ಲ ಊಟ ಹಾಕಿಸಿದ್ರಿ. ನಿಜ ಹೇಳಿ, ಹೇಗೆ ಕಾಣಿಸ್ತು?"

ತೂದಾ ರೊಟ್ಟಿ ಮುರಿದು ಎಣ್ಣೆಯಲ್ಲಿ ಅದ್ದಿದಳು.

"ನಕ್ಷತ್ರ ಸ್ವಲ್ಪ ಮಂಕಾಯ್ತು. ಆಮೇಲೆ ಸರಿಹೋಯ್ತು."